ಹಳೆ ಕೋಡು, ಹೊಸ ಕಂಪೈಲರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ತಿಂಗಳು ಸೋರ್ಸ್‌ನಿಂದ, ಅಂದರೆ ಬರೆದಿಟ್ಟ ಕೋಡಿನಿಂದ, ಸಾಫ್ಟ್‌ವೇರ್ ಕಂಪೈಲ್ ಮಾಡುವ (ಓಡುವ ಪ್ರೋಗ್ರಾಮ್ ಆಗಿ ಕಟ್ಟುವ) ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಕಾಸರಗೋಡಿನ ಕಡೆಯಿಂದ ರಾಶಿ ಪ್ರಶ್ನೆ ಬಂದಿದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಸಂಕಟ. ಬೇರೆಯವರಲ್ಲಿ ಆಗ್ತದೆ, ನನ್ನಲ್ಲಿ ಆಗುವುದಿಲ್ಲ, ಯಾಕೆ? ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಪ್ರಶ್ನೆ: ನಾನು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ಸೀನಿಯರ್ ಒಬ್ಬರ ಹಳೆ ಸಿ ಪ್ರಾಜೆಕ್ಟನ್ನು ಮುಂದುವರಿಸಬೇಕು. ಅವರ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸಿನ 18.04 ಆವೃತ್ತಿ ಇದೆ, ಕಂಪೈಲ್ ಮಾಡಿಸುವ ‘ಮೇಕ್’ ಕಮಾಂಡ್ ಕೊಟ್ಟರೆ ಸಲೀಸಾಗಿ ಆಗ್ತದೆ. ನನ್ನದು 24.04. ಅದರಲ್ಲಿ ‘ಮಲ್ಟಿಪಲ್ ಡೆಫಿನಿಷನ್ ಆಫ್ ಕೌಂಟ್’ ಅಂತ ಪರದೆ ತುಂಬ ಎರರ್. ನಾನು ಒಂದಕ್ಷರವೂ ಮುಟ್ಟಿಲ್ಲ. ಕೋಡ್ ಇಟ್ಟಲ್ಲೇ ಹಾಳಾಗ್ತದಾ?
– ವಿದ್ಯಾರ್ಥಿನಿ, ಮುಳ್ಳೇರಿಯ

ಉತ್ತರ: ಕೋಡು ಹಲಸಿನ ಹಣ್ಣಲ್ಲ, ಇಟ್ಟಲ್ಲಿ ಕೊಳೆಯಲ್ಲ. ನಿಮ್ಮ ಸೀನಿಯರ್ ಲ್ಯಾಪ್‌ಟಾಪಿನಲ್ಲಿ ಇರುವ ಕಂಪೈಲರ್ ಜಿಸಿಸಿ 7, ನಿಮ್ಮದರಲ್ಲಿ ಜಿಸಿಸಿ 13. ಈ ಎರಡರ ನಡುವೆ, 2020ರಲ್ಲಿ ಬಂದ ಜಿಸಿಸಿ 10ರಲ್ಲಿ, ಒಂದು ರೂಢಿ ಬದಲಾಯಿತು.

ಪ್ರಾಜೆಕ್ಟಿನ ಹೆಡರ್ ಫೈಲು ತೆರೆದು ನೋಡಿ. ಎಲ್ಲೋ ‘ಇಂಟ್ ಕೌಂಟ್;’ ಅಂತ ಒಂದು ಸಾಲು ಇರುತ್ತದೆ. ಆ ಹೆಡರನ್ನು ಐದು ಸಿ ಫೈಲುಗಳು ಸೇರಿಸಿಕೊಂಡರೆ ಐದು ಫೈಲಲ್ಲೂ ಒಂದೊಂದು ಕೌಂಟ್ ಹುಟ್ಟಿತು ಅಂತ ಲೆಕ್ಕ. ಹಳೆ ಕಂಪೈಲರ್ ಇದನ್ನು ‘ಕಾಮನ್’ ಅಂತ ಗುರುತು ಹಾಕಿ ಬಿಡುತ್ತಿತ್ತು, ಕೊನೆಗೆ ಎಲ್ಲ ಫೈಲುಗಳನ್ನು ಜೋಡಿಸುವ ಲಿಂಕರ್ ಐದನ್ನೂ ಒಂದು ಮಾಡುತ್ತಿತ್ತು. ಜಿಸಿಸಿ 10ರಿಂದ ಈ ಔದಾರ್ಯ ಇಲ್ಲ. ಐದು ಅಂದರೆ ಐದೇ, ಜಗಳ ಶುರು. ಅಂದರೆ ತಪ್ಪು ಮೊದಲಿನಿಂದಲೂ ಇತ್ತು, ಯಾರೂ ಹೇಳಿರಲಿಲ್ಲ ಅಷ್ಟೇ.

ಸರಿಯಾದ ಮದ್ದು: ಹೆಡರಿನ ಆ ಸಾಲಿನ ಮುಂದೆ ‘ಎಕ್ಸ್‌ಟರ್ನ್’ ಸೇರಿಸಿ, ಯಾವುದಾದರೂ ಒಂದೇ ಒಂದು ಸಿ ಫೈಲಿನಲ್ಲಿ ‘ಇಂಟ್ ಕೌಂಟ್;’ ಅಂತ ಬರೆಯಿರಿ. ನಾಳೆಯೇ ವೈವಾ ಇದೆ, ಇಂಥ ವೇರಿಯಬಲ್ ಅರವತ್ತು ಉಂಟು ಅಂತಾದರೆ ‘-ಎಫ್‌ಕಾಮನ್’ ಅನ್ನುವ ಆಪ್ಷನ್ ಕೊಟ್ಟರೆ ಹಳೆ ರೂಢಿಗೆ ಮರಳುತ್ತದೆ. ಇದನ್ನು ಕೊಡುವಾಗ ಜಾಸ್ತಿ ಜನ ಎಡವುವ ಜಾಗ ಒಂದಿದೆ. ‘ಮೇಕ್ ಸಿಫ್ಲಾಗ್ಸ್=-ಎಫ್‌ಕಾಮನ್’ ಅಂತ ಕೊಟ್ಟರೆ ಮೇಕ್‌ಫೈಲಿನ (ಮೇಕ್ ಓದುವ ಸೂಚನೆಗಳ ಫೈಲಿನ) ಒಳಗೆ ಬರೆದಿಟ್ಟ ಸಿಫ್ಲಾಗ್ಸ್, ಅಂದರೆ ಕಂಪೈಲರಿಗೆ ಕೊಡುವ ಆಪ್ಷನ್ನುಗಳ ಪಟ್ಟಿ, ಪೂರ್ತಿ ಅಳಿಸಿಹೋಗುತ್ತದೆ, ಅದರಲ್ಲಿದ್ದ ಹೆಡರ್ ದಾರಿಗಳೂ ಹೋಗಿ ಹೊಸ ಎರರ್ ಬರುತ್ತದೆ, ಆಮೇಲೆ ನೀವು ಬೇರೆಯೇ ಕಾಯಿಲೆ ಹುಡುಕಿಕೊಂಡು ಹೋಗುತ್ತೀರಿ. ಅದರ ಬದಲು ‘ಮೇಕ್ ಸಿಸಿ="ಜಿಸಿಸಿ -ಎಫ್‌ಕಾಮನ್"’ ಅಂತ ಕೊಡಿ. ಸಿಸಿ, ಸಿಫ್ಲಾಗ್ಸ್ ಎರಡೂ ದೊಡ್ಡಕ್ಷರ. ಅದಕ್ಕೂ ಮೊದಲು ‘ಮೇಕ್ ಕ್ಲೀನ್’ ಮಾಡಲೇಬೇಕು, ಇಲ್ಲದಿದ್ದರೆ ನಿನ್ನೆ ಕಂಪೈಲ್ ಆಗಿ ಉಳಿದ ಆಬ್ಜೆಕ್ಟ್ ಫೈಲುಗಳೇ ಮತ್ತೆ ಲಿಂಕ್ ಆಗುತ್ತವೆ.

ಇನ್ನೊಂದು ವಿಷಯ. ಎರರ್ ಓದುವಾಗ ಕೊನೆಯ ಸಾಲು ಹಿಡಿದುಕೊಂಡು ಕೂರಬೇಡಿ. ‘ಮೇಕ್: ಎರರ್ 1’ ಅನ್ನುವುದು ಸುಮ್ನೆ ಗಂಟೆ ಬಾರಿಸಿದ ಹಾಗೆ. ಮೇಲಕ್ಕೆ ಹೋಗಿ ಮೊದಲ ಎರರ್ ಹುಡುಕಿ. ಅದು ಕೋಡಿನ ವಯಸ್ಸನ್ನೇ ಹೇಳಿಬಿಡುತ್ತದೆ. ‘ಮಲ್ಟಿಪಲ್ ಡೆಫಿನಿಷನ್’ ಅಂದರೆ ಹೆಚ್ಚಾಗಿ ಜಿಸಿಸಿ 10ಕ್ಕಿಂತ ಮೊದಲಿನ ಕೋಡು. ಸಿ++ನಲ್ಲಿ ‘ಯುಇಂಟ್32_ಟಿ ಡಸ್ ನಾಟ್ ನೇಮ್ ಎ ಟೈಪ್’ ಅಂತ ಬಂದರೆ ಅದು ಜಿಸಿಸಿ 13ರ ಗಲಾಟೆ. ಮೊದಲು ಬೇರೆ ಹೆಡರುಗಳ ಬಾಲ ಹಿಡಿದು ತಾನಾಗಿ ಒಳಗೆ ಬರುತ್ತಿದ್ದ ‘ಸಿಎಸ್‌ಟಿಡಿಇಂಟ್’ ಹೆಡರ್ ಈಗ ಬರುವುದಿಲ್ಲ, ಫೈಲಿನ ಮೇಲೆ ನೀವೇ ಒಂದು ಇನ್‌ಕ್ಲೂಡ್ ಹಾಕಬೇಕು. ‘ಇಂಪ್ಲಿಸಿಟ್ ಡಿಕ್ಲರೇಷನ್ ಆಫ್ ಫಂಕ್ಷನ್’ ಅನ್ನುವುದು ಮೊದಲು ಬರೀ ವಾರ್ನಿಂಗ್ ಆಗಿತ್ತು, 2024ರ ಜಿಸಿಸಿ 14ರಲ್ಲಿ ಎರರ್ ಆಯಿತು. 2025ರ ಜಿಸಿಸಿ 15 ಅಂತೂ ಸಿ23 ಭಾಷೆಯನ್ನೇ ಡಿಫಾಲ್ಟ್ ಮಾಡಿಕೊಂಡಿದೆ. ಹಳೆ ಕೋಡಿನಲ್ಲಿ ‘ಬೂಲ್’ ಅನ್ನುವ ಹೆಸರಿನ ಸ್ವಂತ ಡೇಟಾ ಟೈಪ್ ಹುಟ್ಟಿಸಿಕೊಂಡವರಿಗೆಲ್ಲ ಅಲ್ಲಿ ಪೆಟ್ಟು. ‘-ಎಸ್‌ಟಿಡಿ=ಗ್ನು17’ ಕೊಟ್ಟರೆ ಅದು ತಣ್ಣಗಾಗುತ್ತದೆ.

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕ. ಮಕ್ಕಳಿಗೆ ಅಂತ ಮನೆಯಲ್ಲಿ ಸಿ++ನಲ್ಲಿ ಚಿಕ್ಕ ಲೆಕ್ಕದ ಆಟ ಮಾಡಿ ಪೆನ್‌ಡ್ರೈವಿನಲ್ಲಿ ಶಾಲೆಯ ಲ್ಯಾಬಿಗೆ ತೆಗೆದುಕೊಂಡು ಹೋದೆ. ಅಲ್ಲಿ ‘ಗ್ಲಿಬ್‌ಸಿ_2.34 ನಾಟ್ ಫೌಂಡ್’ ಅಂತ ಬಂತು. ಮನೆಯದು ಉಬುಂಟು 22.04, ಶಾಲೆಯದು 18.04ರ ಮೇಲೆ ಕಟ್ಟಿದ ಸಿಸ್ಟಮ್. ಕಂಪೈಲರ್ ಹೊಸದಾದ್ದರಿಂದ ಹೀಗೆ ಅಂದುಕೊಂಡು ಜಿಸಿಸಿ 9 ಹಾಕಿಯೂ ನೋಡಿದೆ, ಪ್ರಯೋಜನ ಇಲ್ಲ.
– ಮಾಸ್ಟ್ರು, ಕುಂಬಳೆ

ಉತ್ತರ: ಮಾಸ್ಟ್ರೇ, ಕಂಪೈಲರ್ ಹಳೆಯದು ಹಾಕಿದಿರಿ, ಲೈಬ್ರರಿ ಹೊಸದೇ ಉಳಿಯಿತು. ಇಲ್ಲಿ ತೊಂದರೆ ಇರುವುದು ಗ್ಲಿಬ್‌ಸಿಯಲ್ಲಿ, ಅಂದರೆ ಸಿಸ್ಟಮಿನ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮುಗಳೂ ನಿಂತಿರುವ ಮೂಲ ಲೈಬ್ರರಿಯಲ್ಲಿ. ಟರ್ಮಿನಲ್ಲಿನಲ್ಲಿ ‘ಎಲ್‌ಡಿಡಿ --ವರ್ಷನ್’ ಕೊಟ್ಟು ಎರಡೂ ಕಡೆ ನೋಡಿ. ಮನೆಯಲ್ಲಿ 2.35 ಅನ್ನುತ್ತದೆ, ಶಾಲೆಯಲ್ಲಿ 2.27.

ಗ್ಲಿಬ್‌ಸಿಯ ನಿಯಮ ಸರಳ. ಹಳೆಯದರ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಗ್ಯಾರಂಟಿ ಇಲ್ಲ. ನಮ್ಮಲ್ಲಿ 2.34 ಅನ್ನುವ ನಂಬರೇ ಎಲ್ಲರ ಬಾಯಲ್ಲಿ ಬರುವುದಕ್ಕೆ ಕಾರಣ ಇದೆ. 2021ರ ಆಗಸ್ಟಿನಲ್ಲಿ ಬಂದ ಆ ಆವೃತ್ತಿಯಲ್ಲಿ ಅದುವರೆಗೆ ಬೇರೆ ಬೇರೆ ಫೈಲುಗಳಾಗಿದ್ದ ಥ್ರೆಡ್ ಲೈಬ್ರರಿ ಮತ್ತು ಇನ್ನೂ ಕೆಲವನ್ನು ಒಂದೇ ಫೈಲಿಗೆ ಸೇರಿಸಿದರು. ಪ್ರೋಗ್ರಾಮ್ ಶುರುವಾಗುವಾಗ ಮೊದಲು ಕರೆಯುವ ಫಂಕ್ಷನ್ನಿಗೂ ಆಗ ಹೊಸ ಆವೃತ್ತಿಯ ಚೀಟಿ ಅಂಟಿತು. ಹಾಗಾಗಿ ‘ನಮಸ್ಕಾರ’ ಅಂತ ಒಂದು ಸಾಲು ಪ್ರಿಂಟ್ ಮಾಡುವ ಪ್ರೋಗ್ರಾಮನ್ನು 22.04ರಲ್ಲಿ ಕಟ್ಟಿದರೂ ಅದು 2.34 ಬೇಕು ಅಂತಲೇ ಹಟ ಮಾಡುತ್ತದೆ. ನಿಮ್ಮ ಕೋಡಿನಲ್ಲಿ ಏನೂ ತಪ್ಪಿಲ್ಲ.

ಅತಿ ಸುಲಭದ ದಾರಿ: ಪೆನ್‌ಡ್ರೈವಿನಲ್ಲಿ ಪ್ರೋಗ್ರಾಮ್ ಅಲ್ಲ, ಸೋರ್ಸ್ ತೆಗೆದುಕೊಂಡು ಹೋಗಿ. ಲ್ಯಾಬಿನ ಒಂದು ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿ ಉಳಿದವಕ್ಕೆ ಹಂಚಿ. ಲ್ಯಾಬಿನಲ್ಲಿ ಕಂಪೈಲರ್ ಇಲ್ಲ ಅಂತಾದರೆ ಮನೆಯಲ್ಲಿ ಡಾಕರ್ (ಒಂದು ಸಿಸ್ಟಮಿನೊಳಗೆ ಇನ್ನೊಂದನ್ನು ಪ್ರತ್ಯೇಕವಾಗಿ ಓಡಿಸುವ ಸಾಧನ) ಹಾಕಿಕೊಂಡು ಉಬುಂಟು 18.04ರ ಇಮೇಜಿನೊಳಗೆ ಕಟ್ಟಬಹುದು. ಮೊದಲ ಸಲ ಡೌನ್‌ಲೋಡ್ ಆಗಬೇಕು, ಆಮೇಲೆ ಎರಡು ನಿಮಿಷದ ಕೆಲಸ. ಟರ್ಮಿನಲ್ಲಿನಲ್ಲೇ ಆಡುವ ಚಿಕ್ಕ ಆಟ ಆದರೆ ‘-ಸ್ಟ್ಯಾಟಿಕ್’ ಅಂತ ಕೊಟ್ಟು ಲೈಬ್ರರಿಯನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಸೇರಿಸಬಹುದು, ಫೈಲು ದಪ್ಪ ಆಗ್ತದೆ ಅಷ್ಟೇ. ಕಿಟಕಿ, ಬಟನ್ನು ಎಲ್ಲ ಇರುವ ಪ್ರೋಗ್ರಾಮಿಗೆ ಈ ದಾರಿ ನಂಬಬೇಡಿ.

ನನ್ನನ್ನು ಕೇಳಿದರೆ, ಮಕ್ಕಳ ಎದುರಿಗೇ ಲ್ಯಾಬಿನಲ್ಲಿ ಕಂಪೈಲ್ ಮಾಡಿ. ಆಟ ಹೇಗೆ ಹುಟ್ಟುತ್ತದೆ ಅಂತ ಅವರೂ ನೋಡಲಿ, ಅಲ್ವಾ?

ಪ್ರಶ್ನೆ: ಇಷ್ಟೆಲ್ಲ ತಲೆನೋವು ಯಾಕೆ? ಸಿದ್ಧ ಸಾಫ್ಟ್‌ವೇರ್ ತಂದು ಹಾಕುವ ‘ಆಪ್ಟ್ ಇನ್‌ಸ್ಟಾಲ್’ ಇದೆಯಲ್ಲ?
– ಅಡಿಕೆ ಕೃಷಿಕ, ಬದಿಯಡ್ಕ

ಉತ್ತರ: ನಿಮ್ಮ ಮಾತೇ ಸರಿ. ಆಪ್ಟ್‌ನಲ್ಲಿ ಸಿಕ್ಕಿದರೆ ಸೋರ್ಸ್ ಮುಟ್ಟಬೇಡಿ. ಅಲ್ಲಿ ಇಲ್ಲದ್ದು, ಇದ್ದರೂ ತೀರಾ ಹಳೆಯದು, ಅಥವಾ ನೀವೇ ತಿದ್ದಬೇಕಾದ್ದು, ಇಷ್ಟಕ್ಕೆ ಮಾತ್ರ ಈ ಸಾಹಸ.

ಪ್ರಶ್ನೆ: ಒಂದು ಹಳೆ ಪ್ರೋಗ್ರಾಮ್ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1’ ಇಲ್ಲ ಅನ್ನುತ್ತಿದೆ. ನನ್ನಲ್ಲಿ ‘.3’ ಇದೆ. ‘.3’ಕ್ಕೆ ‘.1.1’ ಅಂತ ಹೆಸರಿಟ್ಟು ಲಿಂಕ್ ಮಾಡು, ಸರಿಯಾಗ್ತದೆ ಅಂತ ಗೆಳೆಯ ಹೇಳಿದ. ಮಾಡಲಾ?
– ಮಂಜೇಶ್ವರದ ಓದುಗ

ಉತ್ತರ: ಬೇಡ ಮಾರಾಯ್ರೇ. ಆ ನಂಬರು ಅಲಂಕಾರಕ್ಕೆ ಇಟ್ಟದ್ದಲ್ಲ. ಒಳಗಿನ ವ್ಯವಸ್ಥೆ ಹೊಂದಿಕೆಯಾಗದ ಹಾಗೆ ಬದಲಾದಾಗಲೇ ಅದನ್ನು ಏರಿಸುವುದು. ಈ ಫೈಲು ಓಪನ್ಎಸ್‌ಎಸ್‌ಎಲ್ ಅನ್ನುವ ಗೂಢಲಿಪಿ ಲೈಬ್ರರಿಯದ್ದು. ಅದರ 3.0 ಬಂದದ್ದು 2021ರಲ್ಲಿ, 1.1.1ರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರಿನಲ್ಲಿ ಮುಗಿಯಿತು. ನೀವು ಹೆಸರು ಬದಲಿಸಿ ಮೋಸ ಮಾಡಿದರೂ ಪ್ರೋಗ್ರಾಮ್ ಒಳಗೆ ಹೋಗಿ ‘ಓಪನ್ಎಸ್‌ಎಸ್‌ಎಲ್_1_1_0’ ಅನ್ನುವ ಗುರುತು ಹುಡುಕುತ್ತದೆ, ಸಿಗುವುದಿಲ್ಲ, ಮತ್ತೆ ಎರರ್. ಸೋರ್ಸ್ ಇದ್ದರೆ ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಹಾಕಿ ಹೊಸದಾಗಿ ಕಂಪೈಲ್ ಮಾಡಿ. ಸೋರ್ಸ್ ಇಲ್ಲ ಅಂದರೆ ಡಾಕರಿನಲ್ಲಿ ಉಬುಂಟು 20.04ರ ಕಂಟೇನರಿನೊಳಗೆ ಓಡಿಸಿ.

ಇಷ್ಟು ಖಡಾಖಂಡಿತ ಹೇಳುವುದು ಯಾಕೆ ಅಂದರೆ ನಾನೂ ಒಮ್ಮೆ ಸುಟ್ಟುಕೊಂಡವನೇ. ಕೆಲವು ವರ್ಷದ ಹಿಂದೆ ಹೊಸ ಗ್ಲಿಬ್‌ಸಿ ಬೇಕು ಅಂತ ಗೆಳೆಯನ ಕಂಪ್ಯೂಟರಿನಿಂದ ‘ಲಿಬ್‌ಸಿ.ಎಸ್‌ಒ.6’ ಫೈಲನ್ನು ಕಾಪಿ ಮಾಡಿ ತಂದು ನನ್ನದರ ಮೇಲೆಯೇ ಹಾಕಿದೆ. ಒಂದು ಸೆಕೆಂಡು ಏನೂ ಆಗಲಿಲ್ಲ. ಫೈಲುಗಳ ಪಟ್ಟಿ ನೋಡಲು ‘ಎಲ್‌ಎಸ್’ ಅಂತ ಟೈಪ್ ಮಾಡಿದೆ, ‘ರಿಲೊಕೇಷನ್ ಎರರ್’. ಕಾಪಿ ಮಾಡುವ ‘ಸಿಪಿ’ ಇಲ್ಲ, ಅಡ್ಮಿನ್ ಅಧಿಕಾರ ಕೊಡುವ ‘ಸುಡೊ’ ಇಲ್ಲ. ಯಾಕೆಂದರೆ ಆ ಫೈಲೂ ಅದನ್ನು ಲೋಡ್ ಮಾಡುವ ‘ಎಲ್‌ಡಿ-ಲಿನಕ್ಸ್’ ಕೂಡ ಒಂದೇ ಆವೃತ್ತಿಯ ಜೋಡಿ ಆಗಿರಬೇಕು, ನಾನು ಒಂದನ್ನು ಮಾತ್ರ ಬದಲಿಸಿದ್ದೆ. ತೆರೆದಿದ್ದ ಟರ್ಮಿನಲ್ ಮಾತ್ರ ಜೀವಂತ ಇತ್ತು, ಅದರಲ್ಲಿ ‘ಎಕೋ *’ ಕೊಟ್ಟು ಫೋಲ್ಡರಿನಲ್ಲಿ ಏನೇನಿದೆ ಅಂತ ನೋಡಬಹುದಿತ್ತು. ನೋಡಿ ಮಾಡುವುದೇನು? ಕೊನೆಗೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಹಳೆ ಫೈಲನ್ನು ವಾಪಸ್ ಇಡುವಷ್ಟರಲ್ಲಿ ರಾತ್ರಿ ಊಟದ ಹೊತ್ತು ಮೀರಿತ್ತು. ಬೇರೆ ಯಾವ ಲೈಬ್ರರಿಯನ್ನಾದರೂ ನಿಮ್ಮ ಹೋಮ್ ಫೋಲ್ಡರಿನಲ್ಲಿ ಇಟ್ಟುಕೊಂಡು ಆಟ ಆಡಿ, ಸಿಸ್ಟಮಿನ ಗ್ಲಿಬ್‌ಸಿಗೆ ಮಾತ್ರ ಕೈ ಹಾಕಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟಿನ ಕತೆ ನಿಮಗೆ ಗೊತ್ತುಂಟಲ್ಲ. ದೊಡ್ಡ ಸಾಫ್ಟ್‌ವೇರ್ ಒಂದು ಮುಕ್ಕಾಲು ಪಾಲು ಕಂಪೈಲ್ ಆಗಿತ್ತು, ಕರೆಂಟು ಹೋಯಿತು, ನನ್ನದು ಡೆಸ್ಕ್‌ಟಾಪ್. ಬಂದ ಮೇಲೆ ಮತ್ತೆ ‘ಮೇಕ್’ ಕೊಟ್ಟರೆ ‘ಫೈಲ್ ನಾಟ್ ರೆಕಗ್ನೈಸ್ಡ್’ ಅನ್ನುತ್ತದೆ. ಕಂಪೈಲರ್ ಹೊಂದುತ್ತಿಲ್ಲವಾ?
– ಪೆರ್ಲದಿಂದ ಒಬ್ಬರು

ಉತ್ತರ: ಕಂಪೈಲರಿಗೂ ಇದಕ್ಕೂ ಸಂಬಂಧ ಇಲ್ಲ. ನೀವೇ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೆ ಮೇಕ್ ಅರ್ಧ ಬರೆದ ಫೈಲನ್ನು ತಾನೇ ಅಳಿಸುತ್ತದೆ. ಕರೆಂಟು ಹೋದರೆ ಅದಕ್ಕೆ ಆ ಅವಕಾಶ ಎಲ್ಲಿ? ಆಗ ಹೆಸರಿಗೆ ಮಾತ್ರ ಇರುವ, ಒಳಗೆ ಸೊನ್ನೆ ಬೈಟಿನ ಆಬ್ಜೆಕ್ಟ್ ಫೈಲುಗಳು ಉಳಿಯುತ್ತವೆ. ಅವುಗಳ ತಾರೀಕು ಹೊಸದಾದ್ದರಿಂದ ಮೇಕ್ ‘ಇದು ಮುಗಿದಿದೆ’ ಅಂತ ಮುಂದೆ ಹೋಗುತ್ತದೆ, ಕೊನೆಗೆ ಲಿಂಕರ್ ಅವನ್ನು ನೋಡಿ ಮುಖ ತಿರುಗಿಸುತ್ತದೆ. ಎಲ್ಲ ಅಳಿಸಿ ಮೊದಲಿಂದ ಶುರು ಮಾಡುವ ಅಗತ್ಯ ಇಲ್ಲ. ‘ಫೈಂಡ್ . -ನೇಮ್ "*.ಒ" -ಸೈಜ್ 0 -ಡಿಲೀಟ್’ ಅಂತ ಕೊಟ್ಟು ಖಾಲಿ ಫೈಲು ಮಾತ್ರ ತೆಗೆದು ಮತ್ತೆ ಮೇಕ್ ಕೊಡಿ. ಆಗಲೂ ಅದೇ ಎರರ್ ಬಂದರೆ ಅದರಲ್ಲೇ ಫೈಲಿನ ಹೆಸರು ಇರುತ್ತದೆ, ಅದೊಂದನ್ನು ಅಳಿಸಿ.

ಕರೆಂಟು ಹೋಗದೆಯೂ ‘ಕಿಲ್ಡ್’ ಅಂತ ಬಂದು ನಿಂತರೆ ಅದು ರ್‍ಯಾಮ್ ಸಾಲದ್ದು. 4 ಜಿಬಿ ಇಟ್ಟುಕೊಂಡು ‘ಮೇಕ್ -ಜೆ8’ (ಒಟ್ಟಿಗೆ ಎಂಟು ಕೆಲಸ) ಕೊಟ್ಟಿದ್ದೀರೋ ನೋಡಿ, ‘-ಜೆ2’ಕ್ಕೆ ಇಳಿಸಿ. ನಿಧಾನ ಆಗ್ತದೆ. ಸಂಜೆ ಶುರು ಮಾಡಿ ಮಲಗುವ ಮೊದಲು ಒಮ್ಮೆ ನೋಡಿದರೆ ಆಯ್ತು, ಗುಡುಗು ಕೇಳಿದರೆ ಕಂಟ್ರೋಲ್-ಸಿ ಒತ್ತಿ ಪ್ಲಗ್ ಕಿತ್ತಿಡಿ.