ಕಲ್ಲುಸಂದಿಗೆ ಸಿಕ್ಕುವ ಗಾಳ

ಪ್ರಶ್ನೆ: ಬಂಡೆಗಳಿರುವ ದಡದಿಂದ ಗಾಳ ಹಾಕಿದಾಗಲೆಲ್ಲ ಸೀಸದ ಗುಂಡು ಸಂದಿಗೆ ಸಿಕ್ಕಿ ದಾರ ಹರಿಯುತ್ತದೆ, ಕಚ್ಚಿದ ಮೀನೂ ಕೈತಪ್ಪುತ್ತದೆ. ಪರಿಹಾರವೇನು?

ಉತ್ತರ: ಇಂಥಲ್ಲಿ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಗುಂಡೇ ಆದ್ದರಿಂದ, ಅದನ್ನು ಮುಖ್ಯ ದಾರಕ್ಕೆ ನೇರವಾಗಿ ಬಿಗಿಯದೆ, ಕಡಿಮೆ ಬಲದ ಗೇಣುದ್ದದ ತುಂಡುದಾರದಿಂದ ಕಟ್ಟಿರಿ, ಮುಖ್ಯ ದಾರ 15 ಕಿಲೋ ತಾಳುವಂಥದ್ದಾದರೆ ತುಂಡುದಾರ 5 ಕಿಲೋ ತಾಳಿದರೆ ಸಾಕು, ಎಳೆದಾಗ ಗುಂಡೊಂದೇ ಹೋಗಿ ಮೀನು ಉಳಿಯುತ್ತದೆ. ಆದರೆ ಜೋರಾಗಿ ಬೀಸಿದರೆ ಈ ತುಂಡು ಗಾಳಿಯಲ್ಲೇ ಹರಿದು ಗುಂಡು ಯಾರಿಗಾದರೂ ಬಡಿಯಬಹುದು, ಆದ್ದರಿಂದ ನಿಧಾನವಾಗಿ, ಹತ್ತಿರಕ್ಕೇ ಎಸೆಯಿರಿ. ಸೀಸದ ಬದಲು ಹಳೆಯ ಸ್ಪಾರ್ಕ್ ಪ್ಲಗ್ ಕಟ್ಟಿದರೆ ಕಳೆದುಕೊಂಡರೂ ನಷ್ಟವೆನಿಸದು (ಕಡಲಿಗೆ ಕಸವಾಗುತ್ತದೆಂಬ ಕಾರಣಕ್ಕೆ ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ). ಮೀನು ಕಚ್ಚಿದೊಡನೆ ಕೋಲನ್ನು ಮೇಲೆತ್ತಿ, ನಡುವೆ ನಿಲ್ಲಿಸದೆ ರೀಲು ಸುತ್ತಿರಿ. ಅಷ್ಟರಲ್ಲೇ ಅದು ಸಂದಿಗೆ ನುಗ್ಗಿದ್ದರೆ ಜಗ್ಗಬೇಡಿ. ದಾರವನ್ನು ಸಡಿಲಬಿಟ್ಟು ಕೆಲವು ನಿಮಿಷ ಕಾದರೆ ಎಷ್ಟೋ ಸಲ ತಾನಾಗಿ ಹೊರಬರುತ್ತದೆ.