571 ಅಂಕ ತೆಗೆದು ಆರ್ಟ್ಸ್ ಕೇಳಿದ ಹುಡುಗಿ

ಈ ಪ್ರಕರಣದಲ್ಲಿ ಹೆಸರು, ಊರು, ಮನೆಯ ವಿವರ ಎಲ್ಲ ಬದಲಾಯಿಸಿದ್ದೇನೆ. ಹುಡುಗಿಯನ್ನು ಚೈತ್ರ ಅಂತ ಕರೆಯೋಣ. ಮೂಡಿಗೆರೆ ಕಡೆಯ ಹಳ್ಳಿ, ಮೂರು ಎಕರೆ ಅರೇಬಿಕಾ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು. ಒಂದರಿಂದ ಹತ್ತರವರೆಗೆ ಹಳ್ಳಿ ಕಡೆಯ ಸರ್ಕಾರಿ ಶಾಲೆಗಳಲ್ಲೇ, ಕನ್ನಡ ಮಾಧ್ಯಮದಲ್ಲೇ ಓದಿದವಳು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 571 ಬಂದಿತ್ತು. ಫಲಿತಾಂಶ ಬಂದ ವಾರದಲ್ಲೇ ಅಪ್ಪ ಅಮ್ಮ ಅವಳನ್ನು ಚಿಕ್ಕಮಗಳೂರಿಗೆ, ಮಕ್ಕಳಿಗೆ ಮುಂದೆ ಏನು ಓದಬೇಕು ಅಂತ ಸಲಹೆ ಕೊಡುವ ನನ್ನ ಹತ್ತಿರ ಕರೆದುಕೊಂಡು ಬಂದರು.

ಕೂತ ತಕ್ಷಣ ಅಪ್ಪ ಶುರು ಮಾಡಿದರು. "ಮೇಡಂ, ಇಷ್ಟು ಮಾರ್ಕ್ಸ್ ತೆಗೆದವಳು ಈಗ ಆರ್ಟ್ಸ್ ತಗೋತೀನಿ ಅಂತ ಹಟ ಹಿಡಿದಿದಾಳೆ. ಬೆಂಗಳೂರಲ್ಲಿರೋ ನನ್ನ ತಮ್ಮ ಮಂಗಳೂರಿನ ಕಾಲೇಜಲ್ಲಿ ಸೀಟು ಮಾತಾಡಿ ಇಟ್ಟಿದಾನೆ. ಹಾಸ್ಟೆಲ್ಲು, ನೀಟ್ ಕೋಚಿಂಗು ಎಲ್ಲ ಅಲ್ಲೇ. ದುಡ್ಡಿನ ಚಿಂತೆ ನಿನಗ್ಯಾಕೆ, ಸುಮ್ನೆ ಓದು ಅಂದ್ರೆ ಕೇಳ್ತಿಲ್ಲ. ಸ್ವಲ್ಪ ಬುದ್ಧಿ ಹೇಳಿ." ಅಮ್ಮ ಮಾತಾಡಲಿಲ್ಲ. ಚೈತ್ರ ನೆಲ ನೋಡುತ್ತಿದ್ದಳು.

ಬುದ್ಧಿ ಹೇಳಿ ಅಂತ ಬರುವ ಅಪ್ಪಂದಿರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ಆರ್ಟ್ಸ್ ಅಂದರೆ ದಡ್ಡರ ಪಾಲಿನದ್ದಲ್ಲ ಅಂತ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಪ್ರೀತಿಯಿಂದ ಓದಿದ ಮಕ್ಕಳು ವಕೀಲರಾಗಿದ್ದಾರೆ, ಲೆಕ್ಚರರ್ ಆಗಿದ್ದಾರೆ, ಆಡಳಿತದಲ್ಲಿ ಇದ್ದಾರೆ. ಈ ಹುಡುಗಿಗೆ ನಿಜವಾಗಿ ಅದೇ ಬೇಕಿದ್ದರೆ ನಾನು ಅವಳ ಪರವೇ ನಿಲ್ಲುತ್ತೇನೆ ಅಂದೆ. ಅಪ್ಪನ ಮುಖ ಸಪ್ಪಗಾಯಿತು. ಆಮೇಲೆ ಇಬ್ಬರನ್ನೂ ಹೊರಗೆ ಕೂರಿಸಿ ಚೈತ್ರಳ ಜೊತೆ ಮಾತಾಡಿದೆ.

ಮೊದಲು ಬಂದದ್ದು ಕಂಠಪಾಠ ಮಾಡಿದಂಥ ಉತ್ತರ. "ಐಎಎಸ್ ಮಾಡ್ಬೇಕು ಮೇಡಂ, ಅದಕ್ಕೆ ಆರ್ಟ್ಸ್." ಯುಪಿಎಸ್‌ಸಿ ಬರೆಯಲು ಯಾವ ಡಿಗ್ರಿ ಆದರೂ ನಡೆಯುತ್ತೆ, ಅಗ್ರಿ ಓದಿದವರು, ಎಂಜಿನಿಯರುಗಳು, ಡಾಕ್ಟರುಗಳು ಎಲ್ಲರೂ ಬರೆಯುತ್ತಾರೆ ಅಂತ ಹೇಳಿದೆ. ಅದು ಅವಳಿಗೂ ಗೊತ್ತಿತ್ತು ಅಂತ ಕಾಣುತ್ತೆ, ಸುಮ್ಮನಾದಳು. ಇತಿಹಾಸದಲ್ಲಿ ಯಾವ ಪಾಠ ಹಿಡಿಸಿತು ಅಂತ ಕೇಳಿದೆ. ಯೋಚನೆ ಮಾಡಿ, "ಎಲ್ಲಾನೂ" ಅಂದಳು. ಅಲ್ಲಿಗೆ ನನಗೆ ಅನುಮಾನ ಬಂತು.

ಓದಿನ ಮಾತು ಬಿಟ್ಟು, ರಜದಲ್ಲಿ ಏನು ಮಾಡ್ತೀಯಾ ಅಂದೆ. ತೋಟದಲ್ಲಿ ಬೋರರ್ ಹುಡುಕ್ತೀವಿ ಅಂದಳು. ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ, ಬಿಳಿ ಕಾಂಡಕೊರಕ ಅನ್ನುವ ಹುಳು ಅರೇಬಿಕಾ ಗಿಡದ ಕಾಂಡದೊಳಗೆ ಸೇರಿ ಕೊರೆದು ಗಿಡವನ್ನೇ ಕೊಲ್ಲುತ್ತದೆ. ಚೈತ್ರ ನನ್ನ ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು ಕಾಂಡದ ಚಿತ್ರ ಬರೆದಳು. ತೊಗಟೆ ಮೇಲೆ ಬಳೆ ಹಾಗೆ ಉಬ್ಬು ಎಲ್ಲಿ ಬರುತ್ತೆ, ಎಲೆ ಹಳದಿ ಆಗೋದಕ್ಕೆ ಮೊದಲೇ ಬೆರಳಲ್ಲಿ ಸವರಿದರೆ ಅದು ಹೇಗೆ ಗೊತ್ತಾಗುತ್ತೆ, ಅಂಥ ಗಿಡ ಕಿತ್ತು ಸುಡಲೇಬೇಕು, ಇಲ್ಲದಿದ್ದರೆ ದುಂಬಿ ಹೊರಗೆ ಬಂದು ಪಕ್ಕದ ಗಿಡದ ತೊಗಟೆ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ, ಹೀಗೆ ಒಂದೇ ಉಸಿರಿಗೆ ಹೇಳುತ್ತಾ ಹೋದಳು. "ನಮ್ಮ ಮೇಲಿನ ತೋಟದಲ್ಲಿ ಅಪ್ಪ ಮರಗಸಿ ಮಾಡಿಸಿದಾಗ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಸಿದಾಗ, ನೆರಳು ಜಾಸ್ತಿ ತೆಗೆದುಬಿಟ್ರು ಮೇಡಂ. ಬಿಸಿಲು ಬಿದ್ದ ಕಡೆನೇ ಬೋರರ್ ಜಾಸ್ತಿ ಆಯ್ತು. ನಾನು ಎಣಿಸಿ ಬರೆದಿಟ್ಟಿದೀನಿ, ಯಾವ ಸಾಲಲ್ಲಿ ಎಷ್ಟು ಗಿಡ ಅಂತ." ಹದಿನಾರು ವರ್ಷದ ಹುಡುಗಿ ಯಾರೂ ಹೇಳಿಕೊಡದೆ ನೋಟ್ ಬುಕ್ಕಿನಲ್ಲಿ ಸಾಲು ಸಾಲಾಗಿ ಲೆಕ್ಕ ಇಟ್ಟಿದ್ದಾಳೆ! ನನಗೆ ನಿಜಕ್ಕೂ ಖುಷಿಯಾಯಿತು.

ಹಾಗಾದರೆ ಬಯಾಲಜಿ ಯಾಕೆ ಬಿಡ್ತಿದೀಯಾ ಅಂದೆ. ಅತ್ತಳು. ಅತ್ತು ಮುಗಿಸಿದ ಮೇಲೆ ನಿಜ ಹೊರಗೆ ಬಂತು. ಸಂಬಂಧಿಕರ ಮದುವೆಗೆ ಹೋದಾಗ ಅಮ್ಮನ ಕೊರಳಲ್ಲಿ ತಾಳಿ ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಯಾವಾಗಲೂ ಹಾಕಿಕೊಳ್ಳುವ ಅವಲಕ್ಕಿ ಸರ ಇಲ್ಲ. ಆಮೇಲೆ ಬೀರುವಿನಲ್ಲಿ ತನ್ನ ಮಾರ್ಕ್ಸ್ ಕಾರ್ಡು ಇಡಲು ಹೋದಾಗ ಒಡವೆ ಸಾಲದ ಚೀಟಿ ಕಣ್ಣಿಗೆ ಬಿತ್ತು. ಅಪ್ಪ ರಾತ್ರಿ ಫೋನಿನಲ್ಲಿ ಚಿಕ್ಕಪ್ಪನ ಹತ್ತಿರ "ಎರಡು ವರ್ಷಕ್ಕೆ ನಾಲ್ಕು ಲಕ್ಷದ ಮೇಲೆ ಆಗುತ್ತಲ್ಲೋ" ಅಂದದ್ದೂ ಕಿವಿಗೆ ಬಿದ್ದಿತ್ತು. ಎರಡನ್ನೂ ಸೇರಿಸಿ ಅವಳೇ ತೀರ್ಮಾನ ಮಾಡಿಬಿಟ್ಟಳು, ಅಮ್ಮನ ಸರ ಹೋಗಿರುವುದು ತನ್ನ ಕಾಲೇಜಿಗೆ ಅಂತ. ಸೈನ್ಸ್ ಬೇಡ ಅಂದರೆ ಮಂಗಳೂರೂ ಬೇಡ, ಸಾಲವೂ ಬೇಡ. ದುಡ್ಡಿಲ್ಲ ಅಂತ ಹೇಳಿದರೆ ಅಪ್ಪನಿಗೆ ನೋವಾಗುತ್ತೆ. ಅದಕ್ಕೇ ಐಎಎಸ್.

ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದಕ್ಕೆ ಕಾರಣ ಇದೆ. "ದುಡ್ಡಿನ ಚಿಂತೆ ನಿನಗ್ಯಾಕೆ" ಅನ್ನುವ ಮಾತು ನಮ್ಮ ಜಿಲ್ಲೆಯ ಅಪ್ಪಂದಿರ ಬಾಯಲ್ಲಿ ಪ್ರೀತಿಯಿಂದಲೇ ಬರುತ್ತದೆ. ಆದರೆ ಮಕ್ಕಳಿಗೆ ಕಣ್ಣು ಕಿವಿ ಇದೆ ಅಲ್ವಾ? ಮನೆಯಲ್ಲಿ ಲೆಕ್ಕ ಹೇಳದಿದ್ದರೆ ಅವರೇ ಊಹೆ ಮಾಡಿಕೊಳ್ಳುತ್ತಾರೆ, ಊಹೆ ಸಾಮಾನ್ಯವಾಗಿ ನಿಜಕ್ಕಿಂತ ಭಯಂಕರವಾಗಿರುತ್ತದೆ, ಆ ಊಹೆಯ ಮೇಲೆ ಕೋರ್ಸು ಆರಿಸಿಕೊಳ್ಳುತ್ತಾರೆ. ಎಷ್ಟೋ ಮಕ್ಕಳು "ನನಗೆ ಇಂಟರೆಸ್ಟ್ ಇಲ್ಲ" ಅನ್ನುವಾಗ ಅದರ ಹಿಂದೆ ಇರುವುದು ಇದೇ. ಹತ್ತನೇ ಕ್ಲಾಸು ಮುಗಿಸಿದ ಮಗುವಿಗೆ ಏನು ಇಷ್ಟ ಅಂತ ಕೇಳುವ ಮೊದಲು, ಮನೆಯ ದುಡ್ಡಿನ ಸ್ಥಿತಿಯನ್ನು ಅದರ ಮುಂದೆ ಇಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಚೈತ್ರಳನ್ನು ಕೇಳಿ, ಅವಳು ಒಪ್ಪಿದ ಮೇಲೆ ಅಪ್ಪ ಅಮ್ಮನನ್ನು ಒಳಗೆ ಕರೆದೆ. ವಿಷಯ ಕೇಳಿ ಅಪ್ಪನಿಗೆ ಸಿಟ್ಟೇ ಬಂತು. ಮಕ್ಕಳ ಮುಂದೆ ಸಾಲದ ಮಾತು ಆಡಬಾರದು ಅಂತ ನಾವು ಇಷ್ಟು ಕಷ್ಟಪಟ್ಟು ಮುಚ್ಚಿಟ್ಟರೆ ಇವಳು ಬೀರು ಹುಡುಕಿದಾಳೆ ಅಂದರು. ಆಗ ಮೊದಲ ಸಲ ಅಮ್ಮ ಬಾಯಿ ಬಿಟ್ಟರು. "ಆ ಸರ ಹೋಗಿದ್ದು ಅಜ್ಜಿ ಸೊಂಟದ ಆಪರೇಷನ್ನಿಗೆ ಕಣಮ್ಮಾ. ಅರ್ಧ ಕಟ್ಟಿದೀವಿ." ಸ್ವಲ್ಪ ತಡೆದು ಗಂಡನ ಕಡೆ ತಿರುಗಿ, "ಮಂಗಳೂರಿಗೆ ದುಡ್ಡು ಎಲ್ಲಿಂದ ಅಂತ ನನಗೂ ನೀವು ಹೇಳಿಲ್ಲ" ಅಂದರು.

ನಾನು ಹಾಳೆ, ಪೆನ್ನು ಅಪ್ಪನ ಮುಂದಿಟ್ಟೆ. ಬರೆಯಲು ಮನಸ್ಸಿರಲಿಲ್ಲ, ಆದರೂ ಬರೆದರು. ಕಾಫಿಯಿಂದ ಬಂದದ್ದು, ಮೆಣಸಿನಿಂದ ಬಂದದ್ದು, ಆಳಿನ ಖರ್ಚು, ಗೊಬ್ಬರ, ಸೊಸೈಟಿ ಸಾಲದ ಕಂತು, ಅಜ್ಜಿಯ ಔಷಧಿ. ಉಳಿಯುವ ದುಡ್ಡು ಮಂಗಳೂರಿನ ಒಂದು ವರ್ಷದ ಫೀಸಿನ ಅರ್ಧಕ್ಕೂ ಬರುತ್ತಿರಲಿಲ್ಲ. ಉಳಿದದ್ದಕ್ಕೆ ಮನೆಯಲ್ಲಿರುವ ಮಿಕ್ಕ ಒಡವೆ, ಅದೂ ಸಾಲದಿದ್ದರೆ ಮುಂದಿನ ಬೆಳೆ ಮೇಲೆ ವ್ಯಾಪಾರಿ ಹತ್ತಿರ ಮುಂಗಡ ಅಂತ ಯೋಚಿಸಿದ್ದರಂತೆ. ಅಂದರೆ ಮಗಳ ಊಹೆ ಪೂರ್ತಿ ಸುಳ್ಳೂ ಆಗಿರಲಿಲ್ಲ. ಆ ಹಾಳೆಯನ್ನು ಮೂವರೂ ಬಗ್ಗಿ ನೋಡಿದರು. ಚೈತ್ರ ಬೋರರ್ ಲೆಕ್ಕ ಹೇಳಿದ ಅದೇ ದನಿಯಲ್ಲಿ, ಮೆಣಸಿನ ಸಾಲಿನಲ್ಲಿ ಕೊಯ್ಲಿನ ಕೂಲಿ ಬಿಟ್ಟು ಹೋಗಿದೆ ಅಂತ ಅಪ್ಪನಿಗೆ ತೋರಿಸಿದಳು.

ಆಮೇಲೆ ನಾನು ಕೊಟ್ಟ ಸಲಹೆ.

ದುಡ್ಡು ಯಾವಾಗ ಖರ್ಚು ಮಾಡಬೇಕು ಅನ್ನುವುದೇ ಇಲ್ಲಿ ಮುಖ್ಯ. ಬ್ಯಾಂಕಿನ ಶಿಕ್ಷಣ ಸಾಲ ಇರುವುದು ಪಿಯುಸಿ ಆದ ಮೇಲಿನ ಓದಿಗೆ. 4 ಲಕ್ಷದವರೆಗಿನ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುವುದಿಲ್ಲ. ಪಿಯುಸಿಗೆ ಅಂಥ ದಾರಿ ಇಲ್ಲ, ಅದಕ್ಕೇ ಜನ ಒಡವೆ ಇಡುತ್ತಾರೆ. ಮೊದಲ ಎರಡು ವರ್ಷಕ್ಕೇ ಚಿನ್ನವೆಲ್ಲ ಕರಗಿಸಿಬಿಟ್ಟರೆ, ಡಿಗ್ರಿ ಶುರುವಾಗುವ ಹೊತ್ತಿಗೆ ಕೈಯಲ್ಲಿ ಏನೂ ಇರುವುದಿಲ್ಲ. ಪಿಯುಸಿಯನ್ನು ಹತ್ತಿರದಲ್ಲೇ, ಕಡಿಮೆ ಖರ್ಚಿನಲ್ಲಿ ಮುಗಿಸಿ ಅಂದೆ. ಸಹಾಯ ಮಾಡಬೇಕು ಅಂತ ಚಿಕ್ಕಪ್ಪನಿಗೆ ಮನಸ್ಸಿದ್ದರೆ ಆ ದುಡ್ಡನ್ನು ಡಿಗ್ರಿಗೆ ಎತ್ತಿಡಲಿ.

ಸೈನ್ಸ್ ವಿಷಯ. ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ಓದಿ ಆಮೇಲೆ ಬೇಡ ಅನ್ನಿಸಿದರೆ ಬಿಎ, ಬಿಕಾಂ, ಕಾನೂನು ಯಾವುದಕ್ಕಾದರೂ ಹೋಗಬಹುದು. ಆರ್ಟ್ಸ್ ತಗೊಂಡು ಎರಡು ವರ್ಷದ ಮೇಲೆ ಬಯಾಲಜಿ ಬೇಕಿತ್ತು ಅನ್ನಿಸಿದರೆ ವಾಪಸ್ ಬರುವುದು ತುಂಬಾ ಕಷ್ಟ. ಚೈತ್ರಳಂಥ ಹುಡುಗಿಗೆ ಬಯಾಲಜಿ ಇರಲೇಬೇಕು. ಅಪ್ಪನಿಗೆ ಬಯಾಲಜಿ ಅಂದರೆ ಡಾಕ್ಟರು ಮಾತ್ರ ಕಾಣುತ್ತಿತ್ತು. ಮೂಡಿಗೆರೆಯಲ್ಲೇ ತೋಟಗಾರಿಕಾ ಕಾಲೇಜಿದೆ. ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ, ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿ ಇದೇ ಕಾಂಡಕೊರಕದ ಮೇಲೆ ಕೆಲಸ ಮಾಡುವ ವಿಜ್ಞಾನಿಗಳಿದ್ದಾರೆ. ಕೊನೆಯ ಮಾತು ಕೇಳಿದಾಗ ಚೈತ್ರ ತಲೆ ಎತ್ತಿದಳು. ಹುಳದ ಬಗ್ಗೆ ಓದುವುದೇ ಒಂದು ಕೆಲಸ ಆಗಬಹುದು ಅಂತ ಅವಳಿಗೆ ಅಲ್ಲಿವರೆಗೆ ಯಾರೂ ಹೇಳಿರಲಿಲ್ಲ.

ಬಿಎಸ್ಸಿ ಅಗ್ರಿಗೆ ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಗೊಬ್ಬರ, ಕೀಟ ಗುರುತಿಸುವುದಕ್ಕೆ ಚೈತ್ರ ಯಾವ ಕೋಚಿಂಗಿಗೂ ಹೋಗಬೇಕಿಲ್ಲ.

ದಾಖಲೆಗಳ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಒತ್ತಿ ಹೇಳುತ್ತೇನೆ, ಯಾಕೆಂದರೆ ಕೊನೇ ಗಳಿಗೆಯಲ್ಲಿ ಒಂದು ಪತ್ರ ಇಲ್ಲ ಅಂತ ಒದ್ದಾಡುವ ಮನೆಗಳು ಬಹಳ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ 15 ಶೇಕಡಾ, ಕನ್ನಡ ಮಾಧ್ಯಮದವರಿಗೆ 5 ಶೇಕಡಾ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಬೇರೆ ಬೇರೆ ಶಾಲೆಯಲ್ಲಿ ಓದಿದ್ದರೆ ಎಲ್ಲ ಕಡೆಯಿಂದಲೂ ತರಬೇಕು. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಅದರ ಮೇಲಿರುವ ಆರ್‌ಡಿ ನಂಬರನ್ನು ಒಂದು ಕಡೆ ಬರೆದಿಡಿ, ಎಸ್‌ಎಸ್‌ಪಿ ಅನ್ನುವ ರಾಜ್ಯ ಸರ್ಕಾರದ ವೆಬ್‌ಸೈಟಿನಲ್ಲಿ ವಿದ್ಯಾರ್ಥಿವೇತನಕ್ಕೂ ಅದೇ ಕೇಳುತ್ತಾರೆ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ, ಹೀಗೆ ಹೆಸರು ವ್ಯತ್ಯಾಸ ಇದ್ದರೆ ಈಗಲೇ ಸರಿಮಾಡಿಸಿ. ಚೈತ್ರಳದ್ದು ವ್ಯತ್ಯಾಸ ಇತ್ತು.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಅಲ್ಲಿ ಸೆಕೆಂಡ್ ಪಿಯುಸಿ ಓದುತ್ತಿರುವ ಮಕ್ಕಳನ್ನು ಕೇಳಿ ಅಂದೆ. ಫಿಸಿಕ್ಸ್, ಮ್ಯಾಥ್ಸ್ ಲೆಕ್ಚರರ್ ಇದ್ದಾರಾ, ಹುದ್ದೆ ಖಾಲಿ ಇದೆಯಾ? ಲ್ಯಾಬ್ ಮಾಡಿಸುತ್ತಾರಾ? ಪಾಠ ಮುಗಿಯುವುದು ಯಾವ ತಿಂಗಳಿಗೆ? ಬಸ್ಸಿನ ಸಮಯ ಕೇಳಿಕೊಳ್ಳಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ, ನಿಜ. ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗೆ ಖಾಸಗಿ ಬಸ್ಸೇ ಗತಿ, ಜುಲೈ ಮಳೆಯಲ್ಲಿ ಮರ ಬಿದ್ದರೆ ಅದೂ ಇಲ್ಲ. ಅದಕ್ಕೆ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲಿಗೂ ಅರ್ಜಿ ಹಾಕಿಸಿದೆ.

ಇಂಗ್ಲಿಷ್ ಭಯದ ಬಗ್ಗೆ ಚೈತ್ರಳೇ ಕೇಳಿದಳು. ಕನ್ನಡ ಮಾಧ್ಯಮದಿಂದ ಪಿಯು ಸೈನ್ಸಿಗೆ ಹೋದವರಿಗೆ ಮೊದಲ ಕೆಲವು ತಿಂಗಳು ಕಷ್ಟವೇ, ಅದನ್ನು ಮುಚ್ಚಿಡಲಿಲ್ಲ. ಪಿಯು ಬಯಾಲಜಿ ಪುಸ್ತಕವನ್ನು ಈಗಲೇ ಹಳೆಯ ವಿದ್ಯಾರ್ಥಿಗಳಿಂದ ತಂದು, ಗೊತ್ತಿರುವ ಪಾಠದಿಂದಲೇ ಶುರು ಮಾಡು ಅಂದೆ. ದ್ಯುತಿಸಂಶ್ಲೇಷಣೆ ಅವಳಿಗೆ ಚೆನ್ನಾಗಿ ಗೊತ್ತು, ಅದನ್ನೇ ಇಂಗ್ಲಿಷಿನಲ್ಲಿ ಓದಿದರೆ ಪದಗಳು ತಾವಾಗಿ ಕೂರುತ್ತವೆ. ಕ್ಲಾಸಿನಲ್ಲಿ ಅರ್ಥ ಆಗದ ಪದ ಬಂದರೆ ಅಂಚಿನಲ್ಲಿ ಬರೆದುಕೊಂಡು ಅವತ್ತೇ ನೋಡು, ನಾಳೆಗೆ ಬಿಡಬೇಡ.

ನೀಟ್ ಬಗ್ಗೆ ಅಪ್ಪ ಮತ್ತೆ ಮತ್ತೆ ಕೇಳಿದರು. 180 ಪ್ರಶ್ನೆ, 720 ಅಂಕ, ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಇದೆ, ಬರೆಯಬೇಕು ಅಂತ ಅವಳಿಗೇ ಅನ್ನಿಸಿದರೆ ಬರೆಯಲಿ. ಈಗಲೇ ಅದೊಂದಕ್ಕೇ ಮನೆ ಅಡ ಇಡುವುದು ಬೇಡ.

ಚೈತ್ರ ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಪಿಸಿಎಂಬಿ ಸೇರಿದಳು. ಮೊದಲ ಟೆಸ್ಟಿನಲ್ಲಿ ಫಿಸಿಕ್ಸ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಬಂದು ಗಾಬರಿಯಿಂದ ಫೋನ್ ಮಾಡಿದ್ದಳು. ಉತ್ತರ ಪತ್ರಿಕೆ ಹಿಡಿದು ಲೆಕ್ಚರರ್ ಹತ್ತಿರವೇ ಹೋಗು, ಪ್ರಶ್ನೆ ಅರ್ಥ ಆಗದೆ ಬಿಟ್ಟದ್ದು ಯಾವುದು, ಲೆಕ್ಕ ಬರದೆ ಬಿಟ್ಟದ್ದು ಯಾವುದು ಅಂತ ಬೇರೆ ಮಾಡಿಸಿಕೋ ಅಂದೆ. ನೋಡಿದರೆ ಹೆಚ್ಚಿನವು ಇಂಗ್ಲಿಷ್ ಅರ್ಥ ಆಗದೆ ಬಿಟ್ಟವೇ. ಎರಡನೇ ಟೆಸ್ಟಿನಲ್ಲಿ ಸ್ವಲ್ಪ ಏರಿದೆ, ಮ್ಯಾಥ್ಸ್ ಇನ್ನೂ ಕಷ್ಟವಾಗುತ್ತಿದೆ. ಮಂಗಳೂರು ಬಿಟ್ಟದ್ದಕ್ಕೆ ಚಿಕ್ಕಪ್ಪನಿಗೆ ಅಪ್ಪನ ಮೇಲೆ ಇನ್ನೂ ಮುನಿಸಿದೆ. ಫಸ್ಟ್ ಪಿಯುಸಿ ಫಲಿತಾಂಶ ಬಂದ ಮೇಲೆ ನೀಟ್ ವಿಷಯ ತೀರ್ಮಾನಿಸಲು ಮೂವರೂ ಬರುತ್ತಾರೆ. ಆ ವರ್ಷದ ಲೆಕ್ಕದ ಹಾಳೆ ತನ್ನಿ, ಸಾಧ್ಯವಾದರೆ ಚಿಕ್ಕಪ್ಪನನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿದ್ದೇನೆ.