ತಮ್ಮ ಮೇಲೆ ಹೋದದ್ದು ಇರಲಿ, ಆ 14 ತಿಂಗಳು ಎಲ್ಲಿ ಹೋದವು?

ಬದಿಯಡ್ಕದ ಕಡೆಯ ಪೈಲಟ್ ಒಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಓದಿ ಮುಗಿಸಿದಾಗ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ತಿಳಿಯಲು ಇನ್ನೊಮ್ಮೆ ಓದಬೇಕಾಯಿತು.

ಪತ್ರದ ಸಾರ ಇಷ್ಟು. ಅವರು ಹಳೆಯ ವಿಮಾನ ಕಂಪನಿಯೊಂದರಲ್ಲಿ 9 ವರ್ಷಗಳಿಂದ ಫಸ್ಟ್ ಆಫೀಸರ್, ಎಂದರೆ ಕ್ಯಾಪ್ಟನ್ ಕೈಕೆಳಗಿನ ಸಹಪೈಲಟ್. ಚಿಕ್ಕಪ್ಪನ ಮಗ 6 ವರ್ಷಗಳ ಹಿಂದೆ ಹೊಸ ಕಂಪನಿಯೊಂದನ್ನು ಸೇರಿ, ಅದು ಬೇಗಬೇಗನೆ ಬೆಳೆದುದರಿಂದ ಈಗಾಗಲೇ ಕ್ಯಾಪ್ಟನ್ ಆಗಿದ್ದಾನೆ. ಲೈಸನ್ಸ್ ಪರೀಕ್ಷೆಗೆ ಅವನನ್ನು ಕುಳ್ಳಿರಿಸಿ ಓದಿಸಿದವರು ಇವರೇ. ಈಗ ಎರಡು ಕಂಪನಿಗಳೂ ವಿಲೀನವಾಗುತ್ತಿವೆ, ಪೈಲಟ್‌ಗಳ ಜಂಟಿ ಜ್ಯೇಷ್ಠತಾ ಪಟ್ಟಿಯ ಕರಡು ಹೊರಬಿದ್ದಿದೆ, ತಮ್ಮನ ಹೆಸರು ಅಣ್ಣನ ಹೆಸರಿಗಿಂತ 340 ಸ್ಥಾನ ಮೇಲಿದೆ. ಸುದ್ದಿ ಊರಿಗೆ ತಲುಪಿ, ಗೃಹಪ್ರವೇಶವೊಂದರ ಊಟದ ಪಂಕ್ತಿಯಲ್ಲಿ ಸೋದರಮಾವ ಎಲ್ಲರಿಗೂ ಕೇಳುವಂತೆ, "ಇನ್ನು ಅಣ್ಣನೇ ತಮ್ಮನಿಗೆ ಸಲಾಮು ಹೊಡೆಯಬೇಕು" ಎಂದರಂತೆ. ಅಂದಿನಿಂದ ಇವರು ತಮ್ಮನ ಫೋನ್ ಎತ್ತುತ್ತಿಲ್ಲ. ಕೆಲಸ ಬಿಟ್ಟು ಗಲ್ಫಿನ ಕಂಪನಿಗೆ ಹೋಗಲೇ, ಬರುವ ತಿಂಗಳ ತರವಾಡು ಮನೆಯ ನೇಮಕ್ಕೆ ಹೋಗದೆ ಇರಲೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ನಿಮ್ಮ ಪತ್ರದ ಮೂರು ಪುಟ ಮಾವನ ಮಾತಿಗೆ ಮತ್ತು ತಮ್ಮನ ಮೇಲಿನ ಮುನಿಸಿಗೆ ಹೋಗಿದೆ. ಮೂರನೆಯ ಪುಟದ ಕೆಳಗೆ ಮಾತ್ರ, "ಪಟ್ಟಿಯಲ್ಲಿ ನಾನು ಸೇರಿದ ದಿನಾಂಕವೇ 14 ತಿಂಗಳು ಈಚೆಗೆ ಬಂದಿದೆ, ಕೊರೊನಾ ಕಾಲದ ಸಂಬಳವಿಲ್ಲದ ರಜೆಯನ್ನು ಕಳೆದಿರಬೇಕು, ಅದಿರಲಿ" ಎಂದು ಬರೆದಿದ್ದೀರಿ. ಆಕ್ಷೇಪ ಸಲ್ಲಿಸಲು ಇನ್ನು 12 ದಿನ ಉಳಿದಿದೆ ಎಂಬುದನ್ನು ಆವರಣದೊಳಗೆ ಹಾಕಿದ್ದೀರಿ. ನಾನು ಕೆಂಪು ಗೆರೆ ಎಳೆದದ್ದು ಆ "ಅದಿರಲಿ" ಎಂಬ ಮಾತಿಗೆ. ಈ ಅಂಕಣ ಅಚ್ಚಿಗೆ ಹೋಗುವವರೆಗೆ ಕಾಯಬಾರದೆಂದು ಉತ್ತರವನ್ನು ನಿಮಗೆ ಮೊದಲೇ ಕಳುಹಿಸಿದ್ದೇನೆ. ಇಲ್ಲಿರುವುದು ಉಳಿದ ಓದುಗರಿಗೂ ತಿಳಿಯಲಿ ಎಂದು.

ಎರಡು ಕಂಪನಿಗಳ ಪೈಲಟ್‌ಗಳನ್ನು ಒಂದೇ ಪಟ್ಟಿಗೆ ತರಲು ಎಲ್ಲರೂ ಒಪ್ಪುವ ದಾರಿ ಈವರೆಗೆ ಯಾವ ದೇಶಕ್ಕೂ ಸಿಕ್ಕಿಲ್ಲ. ಸೇರಿದ ದಿನಾಂಕವನ್ನಷ್ಟೇ ನೋಡಿದರೆ ಹಳೆಯ ಕಂಪನಿಯವರು ಮೇಲೆ ನಿಲ್ಲುತ್ತಾರೆ, ಹೊಸ ಕಂಪನಿಯ ಕ್ಯಾಪ್ಟನ್‌ಗಳು ಹಳೆಯ ಕಂಪನಿಯ ಫಸ್ಟ್ ಆಫೀಸರ್‌ಗಳಿಗಿಂತ ಕೆಳಗಿಳಿಯುತ್ತಾರೆ. ಅದರ ಬದಲು ಹುದ್ದೆಯನ್ನೂ ವಿಮಾನದ ವರ್ಗವನ್ನೂ ನೋಡಿ ಅನುಪಾತದಲ್ಲಿ ಹೆಣೆಯುವುದುಂಟು: ಒಂದು ಕಡೆ 600 ಕ್ಯಾಪ್ಟನ್‌ಗಳು, ಇನ್ನೊಂದು ಕಡೆ 200 ಮಂದಿ ಇದ್ದರೆ ಮೂವರ ಹಿಂದೆ ಒಬ್ಬರಂತೆ ಬರುತ್ತಾರೆ, ಎರಡೂ ಕಡೆಯ ಕ್ಯಾಪ್ಟನ್‌ಗಳು ಮುಗಿದ ಮೇಲೆಯೇ ಫಸ್ಟ್ ಆಫೀಸರ್‌ಗಳ ಸರದಿ. ನಿಮ್ಮ ತಮ್ಮ ಮೇಲೆ ಹೋದದ್ದು ಹೀಗೆ, ಅದರಲ್ಲಿ ಅವನ ಕೈವಾಡವೇನೂ ಇಲ್ಲ. ಮೂರನೆಯ ರೀತಿ ಕ್ರೂರವಾದದ್ದು. ಮಾರಾಟವಾದ ಕಂಪನಿಯವರನ್ನು ಕೊಂಡ ಕಂಪನಿಯ ಪಟ್ಟಿಯ ತಳಕ್ಕೆ ಪಿನ್ ಹೊಡೆದು ಸೇರಿಸುವುದು. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯುಎ ಕಂಪನಿಯನ್ನು ಕೊಂಡಾಗ ಅಲ್ಲಿನ ಗಗನಸಖಿಯರಿಗೆಲ್ಲ ಹೀಗೆಯೇ ಆಯಿತು, ಹಲವಾರು ಪೈಲಟ್‌ಗಳಿಗೂ ಆಯಿತು. ಆ ಸೆಪ್ಟೆಂಬರಿನ ದಾಳಿಯ ಬಳಿಕ ಕೆಲಸ ಕಡಿತ ಶುರುವಾದಾಗ ತಳದಲ್ಲಿದ್ದವರು ಮೊದಲು ಮನೆಗೆ ಹೋದರು. ಪಟ್ಟಿಗಳನ್ನು ನ್ಯಾಯಯುತವಾಗಿ, ಸಮಾನವಾಗಿ ಜೋಡಿಸಬೇಕೆಂಬ ಕಾನೂನು ಅಲ್ಲಿ ಬಂದದ್ದು 2007ರಲ್ಲಿ, ಅವರ ಕಾಲ ಮುಗಿದ ಮೇಲೆ.

ವಿಲೀನ ಮುಗಿದರೂ ಜಗಳ ನಿಲ್ಲುವುದಿಲ್ಲ. ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ 2005ರಲ್ಲಿ ಒಂದಾದವು. 2007ರಲ್ಲಿ ಮಧ್ಯಸ್ಥಗಾರರು ಕೊಟ್ಟ ಪಟ್ಟಿಯನ್ನು ಒಂದು ಕಡೆಯವರು ಒಪ್ಪದೆ ಹೊಸ ಸಂಘವನ್ನೇ ಕಟ್ಟಿದರು, 2013ರ ಕೊನೆಗೆ ಆ ಕಂಪನಿ ಇನ್ನೊಂದರೊಳಗೆ ಸೇರುವವರೆಗೂ ಒಂದೇ ಪಟ್ಟಿ ಜಾರಿಗೆ ಬರಲಿಲ್ಲ. ನಮ್ಮಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ವಿಲೀನವಾದವು. ಹೊಸ ಡ್ರೀಮ್‌ಲೈನರ್ ವಿಮಾನಗಳ ತರಬೇತಿಗೆ ಯಾವ ಕಡೆಯ ಪೈಲಟ್‌ಗಳು ಹೋಗಬೇಕು ಎಂಬುದಕ್ಕೆ 2012ರಲ್ಲಿ 58 ದಿನ ಮುಷ್ಕರ ನಡೆದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನನಗೆ ಈ ವಿಷಯ ವಿಮಾನದಿಂದ ಬಂದದ್ದಲ್ಲ, ಕಾಸರಗೋಡಿನಿಂದ ಬಂದದ್ದು. 1956ರ ನವೆಂಬರ್ 1ರಂದು ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಸೇರಿದಾಗ, ಮದ್ರಾಸ್ ಸರಕಾರದ ನೌಕರರ ಪಟ್ಟಿಯೂ ತಿರುವಾಂಕೂರು-ಕೊಚ್ಚಿಯವರ ಪಟ್ಟಿಯೂ ಒಂದಾಗಬೇಕಾಯಿತು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೆಯ ಪ್ರಕರಣದಲ್ಲಿಯೂ ಎಲ್ಲರನ್ನೂ ನ್ಯಾಯಯುತವಾಗಿ, ಸಮಾನವಾಗಿ ಕಾಣಬೇಕೆಂದೇ ಇತ್ತು. ಹುದ್ದೆಯ ಕೆಲಸ, ಹೊಣೆ, ಕನಿಷ್ಠ ವಿದ್ಯಾರ್ಹತೆ, ಸಂಬಳ ಇವನ್ನು ನೋಡಿ ಯಾವ ಹುದ್ದೆಗೆ ಯಾವುದು ಸಮ ಎಂದು ತೀರ್ಮಾನಿಸುತ್ತಿದ್ದರು. ಆಗ ಗುಮಾಸ್ತರಾಗಿದ್ದ ನನ್ನ ಅಪ್ಪನ ತಾತ್ಕಾಲಿಕ ಸೇವೆಯ 19 ತಿಂಗಳು ಲೆಕ್ಕದಿಂದ ಬಿದ್ದುಹೋಯಿತು. ತನ್ನ ಮೇಲೆ ಬಂದ ತೆಂಕಣದ ಸಹೋದ್ಯೋಗಿಯೊಬ್ಬರ ಮೇಲೆ ಅವರು ನಿವೃತ್ತಿಯವರೆಗೂ ಸಿಟ್ಟು ಮಾಡಿದರು, ಎದುರಿಗೆ ಸಿಕ್ಕರೆ ಮುಖ ತಿರುಗಿಸಿದರು. ಆ 19 ತಿಂಗಳ ಬಗ್ಗೆ ಬರೆದ ಆಕ್ಷೇಪ ಪತ್ರ ಅವರ ಕಡತಗಳಲ್ಲಿ ನಮಗೆ ಒಂದೂ ಸಿಗಲಿಲ್ಲ.

ಆದ್ದರಿಂದ ನಿಮ್ಮ ನೋವಿನ ಬಗ್ಗೆ ನನಗೆ ಅರ್ಧ ಸಹಾನುಭೂತಿ ಮಾತ್ರ ಇದೆ, ಉಳಿದರ್ಧ ತಮ್ಮನಿಗೆ. ಓದಿಸಿದ ಅಣ್ಣನೇ ಫೋನ್ ಎತ್ತದಿದ್ದರೆ ಕ್ಯಾಪ್ಟನ್ ಆದ ಸಂತೋಷವನ್ನು ಅವನು ಯಾರ ಬಳಿ ಹೇಳಿಕೊಳ್ಳಬೇಕು? ಮಾವನಿಗಂತೂ ನನ್ನಲ್ಲಿ ಕ್ಷಮೆಯಿಲ್ಲ. ಜ್ಯೇಷ್ಠತಾ ಪಟ್ಟಿಯಿಂದ ತೀರ್ಮಾನವಾಗುವುದು ಯಾವ ಊರಿನಿಂದ ಹಾರಬೇಕು, ಯಾವ ವಿಮಾನಕ್ಕೆ ಹೋಗಬಹುದು, ಕ್ಯಾಪ್ಟನ್ ಆಗಲು ಬೇಕಾದ ಕಮಾಂಡ್ ತರಬೇತಿಗೆ ಯಾವಾಗ ಕರೆ ಬರುತ್ತದೆ, ಕಡಿತವಾದರೆ ಯಾರು ಮೊದಲು ಹೊರಗೆ ಎಂಬಂಥವು. ಸಲಾಮು ಯಾರು ಯಾರಿಗೆ ಎಂಬುದು ಅದರ ಯಾವ ಕಾಲಮ್ಮಿನಲ್ಲಿಯೂ ಇರುವುದಿಲ್ಲ. ಊಟದ ಪಂಕ್ತಿಯಲ್ಲಿ ಆಡಿದ ಮಾತಿಗೆ ಉತ್ತರ ಕೊಡಬಾರದು, ಕಾಗದದಲ್ಲಿ ಬಂದದ್ದಕ್ಕೆ ಕೊಡದೆ ಬಿಡಬಾರದು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಗಲ್ಫಿನ ಯೋಚನೆಗೆ ಒಂದೇ ಮಾತು ಸಾಕು. ಒಂದು ಕಂಪನಿಯ ಜ್ಯೇಷ್ಠತೆ ಇನ್ನೊಂದು ಕಂಪನಿಗೆ ನಿಮ್ಮ ಜತೆ ಬರುವುದಿಲ್ಲ. 340 ಸ್ಥಾನ ಹಿಂದೆ ಬಿದ್ದೆನೆಂದು ಅಳುವವರು ಅಲ್ಲಿ ಹೋಗಿ ಕಟ್ಟಕಡೆಯಲ್ಲಿ ನಿಲ್ಲಬೇಕಾದೀತು.

ಈಗ ಮಾಡಬೇಕಾದದ್ದು. ಕ್ಯಾಪ್ಟನ್‌ಗಳ ಸಾಲನ್ನು ನೀವು ದಾಟಲಾರಿರಿ, ಆದರೆ ಫಸ್ಟ್ ಆಫೀಸರ್‌ಗಳ ಸಾಲಿನೊಳಗೆ ನಿಮ್ಮ ಜಾಗವನ್ನೂ ಕಮಾಂಡಿನ ಸರದಿಯನ್ನೂ ನಿರ್ಧರಿಸುವುದು ಆ ದಿನಾಂಕವೇ. 14 ತಿಂಗಳು ಮನೆಯಲ್ಲಿ ಕುಳಿತದ್ದು ನಿಮ್ಮ ಇಚ್ಛೆಯಿಂದಲ್ಲ, ಕಂಪನಿಯ ಆದೇಶದಿಂದ. ಆ ಆದೇಶದ ಪ್ರತಿ ಮತ್ತು ನೇಮಕಾತಿ ಪತ್ರ ನಿಮ್ಮಲ್ಲಿ ಇರಲೇಬೇಕು. ಆದರೆ ಆಕ್ಷೇಪಕ್ಕೆ ಬಲ ಬರುವುದು ಇನ್ನೊಂದು ಸಂಗತಿಯಿಂದ: ಅದೇ ಕಾಲದ ಸಂಬಳವಿಲ್ಲದ ರಜೆಯನ್ನು ಆ ಕಡೆಯ ಕಂಪನಿಯ ಪೈಲಟ್‌ಗಳ ಸೇವೆಯಿಂದಲೂ ಕಳೆದಿದ್ದಾರೆಯೇ, ಅಥವಾ ನಿಮ್ಮ ಕಡೆಯವರದನ್ನು ಮಾತ್ರ ಕಳೆದಿದ್ದಾರೆಯೇ? ಒಂದು ಕಡೆಗೆ ಒಂದು ಅಳತೆ, ಇನ್ನೊಂದು ಕಡೆಗೆ ಬೇರೆ ಅಳತೆ ಆಗಿದ್ದರೆ ಆ ಪಟ್ಟಿಯನ್ನು ಯಾವ ಸಮಿತಿಯೆದುರು ಬೇಕಾದರೂ ಪ್ರಶ್ನಿಸಬಹುದು. ಇದಕ್ಕೆ ಉತ್ತರ ಹೇಳಬಲ್ಲವನು ನಿಮಗೆ ತಿಳಿದವರಲ್ಲಿ ಒಬ್ಬನೇ, ನೀವು ಫೋನ್ ಎತ್ತದೆ ಇರುವುದೂ ಅವನದೇ. ಇಂದು ರಾತ್ರಿ ಅವನಿಗೆ ನೀವೇ ಫೋನ್ ಮಾಡಿ, ಪಟ್ಟಿಯಲ್ಲಿ ಅವನ ದಿನಾಂಕ ಏನೆಂದು ಬಂದಿದೆ ಎಂದು ಕೇಳಿ.